ಮಣ್ಣು ಹಿಡಿದ ಬೇರು, ಕಥೆ ಹಿಡಿದ ಮಣ್ಣು

ಶಾಲೆಯ ಅಟ್ಲಾಸಿನಲ್ಲಿ ಅಮೆರಿಕದ ಪುಟ ತೆರೆದು ಪಶ್ಚಿಮ ಕರಾವಳಿಯ ಲಾಸ್ ಏಂಜಲೀಸ್ ನಗರದ ಮೇಲೆ ಬೆರಳಿಡಿ. ಅಲ್ಲಿಂದ ಕರಾವಳಿಯ ಗುಂಟ ವಾಯವ್ಯಕ್ಕೆ ಸರಿದರೆ ಸಾಂಟಾ ಬಾರ್ಬರಾ ಎಂಬ ಊರು ಸಿಗುತ್ತದೆ. ಅದರ ಎದುರಿನ ಕಡಲಿನಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಸಾಲುಗಟ್ಟಿ ನಿಂತ ನಾಲ್ಕು ಚುಕ್ಕೆಗಳು: ಅನಕಾಪಾ, ಸಾಂಟಾ ಕ್ರೂಜ್, ಸಾಂಟಾ ರೋಸಾ, ಸಾನ್ ಮಿಗೆಲ್. ಕ್ಯಾಲಿಫೋರ್ನಿಯದ ಚಾನೆಲ್ ದ್ವೀಪಗಳು ಒಟ್ಟು ಎಂಟು. ಈ ನಾಲ್ಕು ಅವುಗಳ ಪೈಕಿ ಉತ್ತರದವು. ಎಂಟರಲ್ಲೂ ದೊಡ್ಡದು ಸಾಂಟಾ ಕ್ರೂಜ್. ಉದ್ದ 35 ಕಿ.ಮೀ., ವಿಸ್ತೀರ್ಣ ಸುಮಾರು 250 ಚದರ ಕಿ.ಮೀ. ಮುಖ್ಯಭೂಮಿಯಿಂದ ದೋಣಿಯಲ್ಲಿ ಹೊರಟರೆ ಒಂದು ಗಂಟೆಯ ದಾರಿ.

ಈ ದ್ವೀಪದ ಕಡಲಂಚಿನಲ್ಲೂ ಒಳಗಿನ ಕಣಿವೆಗಳಲ್ಲೂ ಅಲ್ಲಲ್ಲಿ ಕಪ್ಪು ಮಣ್ಣಿನ ದಿಬ್ಬಗಳಿವೆ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಮಣ್ಣಿನ ತುಂಬ ಚಿಪ್ಪಿನ ಚೂರುಗಳು. ಪಚ್ಚಿಲೆಯ ಚಿಪ್ಪು, ಅಬಲೋನಿ ಎಂಬ ದೊಡ್ಡ ಕಡಲ ಬಸವನಹುಳುವಿನ ಚಿಪ್ಪು, ಮೀನಿನ ಮುಳ್ಳು, ಸೀಲ್ ಪ್ರಾಣಿಯ ಮೂಳೆ, ಒಲೆಯ ಇದ್ದಿಲು. ಸಾವಿರಾರು ವರ್ಷ ಒಂದೇ ಜಾಗದಲ್ಲಿ ಬಾಳಿದ ಜನ ಉಂಡು ಎಸೆದ ತಿಪ್ಪೆ ಇದು. ತಿಪ್ಪೆಯೆಂದು ಮೂಗು ಮುರಿಯಬೇಕಾಗಿಲ್ಲ. ಲಿಪಿಯಿಲ್ಲದ ಜನರ ದಿನಚರಿ ಉಳಿಯುವುದು ತಿಪ್ಪೆಯಲ್ಲೇ. ಚಿಪ್ಪು ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಮಳೆನೀರಿನಲ್ಲಿರುವ ಅಲ್ಪಸ್ವಲ್ಪ ಆಮ್ಲವನ್ನು ಅದು ತಟಸ್ಥಗೊಳಿಸುತ್ತದೆ. ಹೀಗಾಗಿ ಬೇರೆಡೆ ಕರಗಿಹೋಗುವ ಸಣ್ಣ ಮೂಳೆಗಳೂ ಇಲ್ಲಿ ಗಟ್ಟಿಯಾಗಿ ಉಳಿದಿವೆ. ಅಷ್ಟೇ ಅಲ್ಲ, ಚಿಪ್ಪಿನಲ್ಲಿ ಅಡಗಿರುವ ಆಮ್ಲಜನಕದ ಎರಡು ಐಸೋಟೋಪುಗಳ ಅನುಪಾತವನ್ನು ಅಳೆದರೆ, ಆ ಜೀವಿ ಬದುಕಿದ್ದ ಕಾಲದಲ್ಲಿ ಕಡಲ ನೀರು ಎಷ್ಟು ಬೆಚ್ಚಗಿತ್ತೆಂಬುದನ್ನೂ ಲೆಕ್ಕ ಹಾಕಬಹುದು.

ಒಂದು ಷರತ್ತಿದೆ. ಪದರಗಳು ಕದಡಬಾರದು. ಮೇಲಿನದು ಮೇಲೆ, ಕೆಳಗಿನದು ಕೆಳಗೆ ಇದ್ದರೆ ಮಾತ್ರ ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳಲು ಬರುತ್ತದೆ. ಕ್ಯಾಲಿಫೋರ್ನಿಯದ ಮುಖ್ಯಭೂಮಿಯಲ್ಲಿ ಗೋಫರ್ ಎಂಬ ಬಿಲ ತೋಡುವ ದಂಶಕ ಪ್ರಾಣಿಯ ಹಾವಳಿ ವಿಪರೀತ. ಅದು ಕೆಳಗಿನ ಮಣ್ಣನ್ನು ಮೇಲಕ್ಕೂ ಮೇಲಿನದನ್ನು ಕೆಳಕ್ಕೂ ಕಲಸಿಬಿಡುತ್ತದೆ. ಚಾನೆಲ್ ದ್ವೀಪಗಳಿಗೆ ಗೋಫರ್ ಬರಲೇ ಇಲ್ಲ. ಇಲ್ಲಿನ ದಿಬ್ಬಗಳು ಪುಟ ಹರಿಯದ ಪುಸ್ತಕದಂತೆ ಉಳಿದುಬಂದದ್ದು ಹಾಗೆ. ಈ ಪುಸ್ತಕಕ್ಕೆ ರಟ್ಟು ಹಾಕಿ ಕಾಪಾಡಿದ್ದು ಮೇಲೆ ಬೆಳೆದ ಹುಲ್ಲು, ಪೊದೆ, ಮರಗಳ ಬೇರು. ಆ ರಟ್ಟು ಕಿತ್ತುಹೋದ ಬಗೆ ಮತ್ತು ಅದನ್ನು ಮತ್ತೆ ಹೊಲಿಯುವ ಪ್ರಯತ್ನ ಇಲ್ಲಿನ ವಿಷಯ.

ಬೀಜದಿಂದ ಹುಟ್ಟಿದ ಜನ

ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಉತ್ತುಂಗದಲ್ಲಿ, ಸಮುದ್ರಮಟ್ಟ ಇಂದಿಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿತ್ತು. ಆಗ ಈ ನಾಲ್ಕೂ ದ್ವೀಪಗಳು ಸೇರಿ ಒಂದೇ ಭೂಮಿಯಾಗಿದ್ದವು. ವಿಜ್ಞಾನಿಗಳು ಅದಕ್ಕೆ ಸಾಂಟಾರೋಸೇ ಎಂದು ಹೆಸರಿಟ್ಟಿದ್ದಾರೆ. ಆಗಲೂ ಅದು ಮುಖ್ಯಭೂಮಿಗೆ ಅಂಟಿಕೊಂಡಿರಲಿಲ್ಲ. ನಡುವೆ ಕೆಲವು ಕಿಲೋಮೀಟರುಗಳಷ್ಟು ನೀರಿತ್ತು. ಆನೆಯ ಬಂಧುವಾದ ಮ್ಯಾಮತ್ ಆ ನೀರನ್ನು ಈಜಿ ದಾಟಿ ಬಂತು. ಮೇವು ಕಡಿಮೆಯಿರುವ ದ್ವೀಪದಲ್ಲಿ ತಲೆಮಾರುಗಳು ಉರುಳಿದಂತೆ ಕುಳ್ಳಾಯಿತು. ಅಂಥ ಕುಬ್ಜ ಮ್ಯಾಮತ್ ಒಂದರ ಹೆಚ್ಚುಕಡಿಮೆ ಪೂರ್ತಿ ಅಸ್ಥಿಪಂಜರ 1994ರಲ್ಲಿ ಸಾಂಟಾ ರೋಸಾ ದ್ವೀಪದಲ್ಲಿ ಸಿಕ್ಕಿತು. ಮನುಷ್ಯನೂ ಬಂದ. 1959ರಲ್ಲಿ ಫಿಲ್ ಆರ್ ಎಂಬ ಸಂಶೋಧಕರು ಅದೇ ದ್ವೀಪದ ಆರ್ಲಿಂಗ್ಟನ್ ಕಣಿವೆಯ ದಂಡೆಯಲ್ಲಿ, ಆಳದ ಮಣ್ಣಿನಲ್ಲಿ, ಮನುಷ್ಯನ ತೊಡೆಮೂಳೆಗಳನ್ನು ಕಂಡರು. ಅವುಗಳ ವಯಸ್ಸು ಸುಮಾರು 13,000 ವರ್ಷವೆಂದು ಆಮೇಲಿನ ಪರೀಕ್ಷೆಗಳು ತಿಳಿಸಿದವು. ಉತ್ತರ ಅಮೆರಿಕದಲ್ಲಿ ಇಲ್ಲಿಯವರೆಗೆ ದೊರೆತ ಅತಿ ಹಳೆಯ ಮಾನವ ಅವಶೇಷಗಳ ಸಾಲಿಗೆ ಇವು ಸೇರುತ್ತವೆ. ನಡುವೆ ನೀರಿದ್ದ ಮೇಲೆ ಅಷ್ಟು ಹಿಂದೆಯೇ ಅವರ ಬಳಿ ತೆಪ್ಪವೋ ದೋಣಿಯೋ ಇದ್ದಿರಲೇಬೇಕಲ್ಲವೇ?

ಐರೋಪ್ಯರು ಬರುವ ಹೊತ್ತಿಗೆ ಇಲ್ಲಿ ವಾಸವಿದ್ದವರು ಚುಮಾಶ್ ಜನ. ಸಾಂಟಾ ಕ್ರೂಜ್ ದ್ವೀಪವನ್ನು ಅವರು ಲಿಮುವ್ ಎಂದು ಕರೆಯುತ್ತಿದ್ದರು. ಅವರ ಕಥೆಯೊಂದರ ಪ್ರಕಾರ ಭೂತಾಯಿ ಹುತಾಶ್ ಒಂದು ಮಾಯಾಗಿಡದ ಬೀಜಗಳನ್ನು ಲಿಮುವ್‌ನ ಮಣ್ಣಿನಲ್ಲಿ ಬಿತ್ತಿದಳು. ಆ ಬೀಜಗಳಿಂದ ಮೊಳೆತವರೇ ಮೊದಲ ಚುಮಾಶರು. (ನಮ್ಮ ಹುತಾಶನನಿಗೂ ಈ ಹೆಸರಿಗೂ ಏನೂ ಸಂಬಂಧವಿಲ್ಲ, ಕಿವಿಗೆ ಹಾಗೆ ಕೇಳಿಸುತ್ತದೆ, ಅಷ್ಟೇ.) ಜನ ಹೆಚ್ಚಿ ಗದ್ದಲವೂ ಹೆಚ್ಚಿದಾಗ ಅವಳು ದ್ವೀಪದ ಶಿಖರದಿಂದ ಆಚೆಯ ಬೆಟ್ಟಕ್ಕೆ ಕಾಮನಬಿಲ್ಲಿನ ಸೇತುವೆ ಕಟ್ಟಿ ಅರ್ಧದಷ್ಟು ಜನರನ್ನು ದಾಟಿಸಿದಳು. ಕೆಳಗೆ ನೋಡಿ ತಲೆತಿರುಗಿ ಕಡಲಿಗೆ ಬಿದ್ದವರನ್ನು ಮುಳುಗಲು ಬಿಡದೆ ಡಾಲ್ಫಿನ್‌ಗಳಾಗಿ ಮಾಡಿದಳು. ಮನುಷ್ಯಕುಲವೇ ಈ ನೆಲದ ಗಿಡದ ಸಂತಾನ ಎನ್ನುವ ಜನರಿಗೆ ಇಲ್ಲಿನ ಸಸ್ಯ ಬೇರೆ, ಸಂಸ್ಕೃತಿ ಬೇರೆ ಎಂದರೆ ಅರ್ಥವಾಗುವುದು ಕಷ್ಟ.

ದ್ವೀಪದ ಹತ್ತು ಹನ್ನೆರಡು ಹಳ್ಳಿಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಕಡಲಲ್ಲಿ ತೇಲಿಬಂದ ರೆಡ್‌ವುಡ್ ಮರದ ದಿಮ್ಮಿಗಳನ್ನು ಹಲಗೆಯಾಗಿ ಸೀಳಿ, ಹುರಿಯಿಂದ ಹೊಲಿದು, ನೆಲದಿಂದ ಜಿನುಗುವ ಡಾಂಬರನ್ನು ಸಂದಿಗೆ ತುಂಬಿ ತೊಮೋಲ್ ಎಂಬ ದೋಣಿ ಕಟ್ಟುತ್ತಿದ್ದರು. ಸಣ್ಣ ಆಲಿವ್ ಚಿಪ್ಪುಗಳನ್ನು ಕಲ್ಲಿನ ಸೂಜಿಯಿಂದ ಕೊರೆದು ಮಣಿ ಮಾಡುತ್ತಿದ್ದರು. ಆ ಮಣಿಯೇ ಆ ಸೀಮೆಯ ನಾಣ್ಯ. ಹೀಗೆ ನೋಡಿದರೆ ಸಾಂಟಾ ಕ್ರೂಜ್ ಒಂದು ಟಂಕಸಾಲೆಯೇ ಆಗಿತ್ತು. ಚುಮಾಶ್ ಎಂಬ ಹೆಸರೇ ಚಿಪ್ಪಿನ ಹಣ ಮಾಡುವವರು ಎಂಬರ್ಥದ ಮಾತಿನಿಂದ ಬಂದದ್ದೆಂದು ಹೇಳುತ್ತಾರೆ. 1542ರಲ್ಲಿ ಸ್ಪೇನಿನ ಪರವಾಗಿ ಕಬ್ರಿಯೋ ಎಂಬ ನಾವಿಕ ಈ ಕಡೆ ಹಾಯ್ದುಹೋದ. 18ನೇ ಶತಮಾನದ ಕೊನೆಗೆ ಎದುರಿನ ಕರಾವಳಿಯಲ್ಲಿ ಪಾದ್ರಿಗಳ ಮಿಷನ್‌ಗಳು ತಲೆಯೆತ್ತಿದವು. ಜೊತೆಗೆ ಬಂದ ದಡಾರದಂಥ ರೋಗಗಳು ಊರಿಗೆ ಊರನ್ನೇ ಒರೆಸಿದವು. 1820ರ ದಶಕ ಬರುವಷ್ಟರಲ್ಲಿ ದ್ವೀಪದ ಹಳ್ಳಿಗಳು ಬರಿದಾದವು, ಉಳಿದವರು ಮುಖ್ಯಭೂಮಿ ಸೇರಿದರು.

ಮುಳ್ಳಿಲ್ಲದ ಗಿಡ, ಹಸಿದ ಕುರಿ

ಜನ ಹೋದರು, ಕುರಿ ಬಂತು. 1850ರ ದಶಕದಲ್ಲಿ ಸಾಂಟಾ ಕ್ರೂಜ್‌ನಲ್ಲಿ ಉಣ್ಣೆಗಾಗಿ ಕುರಿ ಸಾಕಣೆ ಆರಂಭವಾಯಿತು. ಹಂದಿಗಳೂ ಆ ಸುಮಾರಿಗೇ ಬಂದವು. 1869ರಲ್ಲಿ ಜಸ್ಟಿನಿಯನ್ ಕೇರ್ ಎಂಬ ಫ್ರೆಂಚ್ ಮೂಲದ ವ್ಯಾಪಾರಿ ತನ್ನ ಜೊತೆಗಾರರೊಡನೆ ದ್ವೀಪವನ್ನು ಕೊಂಡ. ಮುಂದೆ ಅದು ಅವನ ಮನೆತನದ್ದಾಯಿತು. ದ್ವೀಪದಲ್ಲೇ ಇಟ್ಟಿಗೆ ಸುಟ್ಟು ಕಟ್ಟಡ ಎಬ್ಬಿಸಿದರು, ದ್ರಾಕ್ಷಿತೋಟ ಹಾಕಿದರು, ವೈನ್ ಮಾಡಿದರು. ಕುರಿಗಳು ಹತ್ತಾರು ಸಾವಿರವಾದವು. ಕಡಿದಾದ ಕಣಿವೆಗಳಿಗೆ ತಪ್ಪಿಸಿಕೊಂಡವು ಯಾರ ಕೈಗೂ ಸಿಗದೆ ಕಾಡುಕುರಿಗಳಾದವು.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮೇಯುವ ಪ್ರಾಣಿಗಳಿರುವ ಕಡೆ ಗಿಡಗಳು ಮುಳ್ಳು, ಗಡಸು ಎಲೆ, ಕಹಿ ರಸ ಇತ್ಯಾದಿ ಆಯುಧಗಳನ್ನು ಬೆಳೆಸಿಕೊಂಡಿರುತ್ತವೆ. ಆಯುಧ ಸಾಕುವುದು ಖರ್ಚಿನ ಬಾಬತ್ತು. ಶತ್ರುವೇ ಇಲ್ಲದ ಕಡೆ ಆ ಖರ್ಚನ್ನು ಮಾಡದ ಗಿಡವೇ ಹೆಚ್ಚು ಬೆಳೆಯುತ್ತದೆ. ಮ್ಯಾಮತ್‌ಗಳು ನಿರ್ನಾಮವಾಗಿ ಸುಮಾರು 13,000 ವರ್ಷವಾಗಿತ್ತು. ಜಿಂಕೆಯಂಥದ್ದು ಈ ದ್ವೀಪದಲ್ಲಿ ಇರಲೇ ಇಲ್ಲ. ಸಾಂಟಾ ಕ್ರೂಜ್‌ನ ಗಿಡಗಳನ್ನು ಮುಖ್ಯಭೂಮಿಯ ಅವುಗಳ ಹತ್ತಿರದ ಬಂಧುಗಳೊಡನೆ ಹೋಲಿಸಿದ ಸಂಶೋಧಕರು, ದ್ವೀಪದವಕ್ಕೆ ಮುಳ್ಳು ಕಡಿಮೆ, ಕುರಿಗಳಿಗೂ ಅವೇ ಹೆಚ್ಚು ಇಷ್ಟ ಎಂಬುದನ್ನು 1997ರಲ್ಲಿ ಪ್ರಕಟಿಸಿದರು. ಬಾಗಿಲಿಲ್ಲದ ಮನೆಗೆ ಕಳ್ಳ ನುಗ್ಗಿದಂತೆ ಆಯಿತು ಕುರಿಗಳ ಆಗಮನ.

ಐರನ್‌ವುಡ್ ಎಂಬ ಮರದ ಪಾಡನ್ನೇ ನೋಡಿ. ಲಕ್ಷಾಂತರ ವರ್ಷಗಳ ಹಿಂದೆ ಅಮೆರಿಕದ ಪಶ್ಚಿಮ ಭಾಗದಲ್ಲಿ ಇದರ ಬಂಧುಗಳು ಹರಡಿದ್ದವೆಂಬುದಕ್ಕೆ ಪಳೆಯುಳಿಕೆಗಳಿವೆ. ಈಗ ಕಾಡಿನಲ್ಲಿ ಅದು ಬದುಕಿರುವುದು ಚಾನೆಲ್ ದ್ವೀಪಗಳಲ್ಲಿ ಮಾತ್ರ. ಬುಡದಿಂದ ಒಡೆಯುವ ಚಿಗುರೇ ಅದರ ಮುಂದಿನ ಪೀಳಿಗೆ. ಆ ಚಿಗುರನ್ನು ಕುರಿ ಬಿಡುತ್ತದೆಯೇ? ಮುದಿಮರಗಳು ಮಾತ್ರ ನಿಂತವು, ಅಡಿಯಲ್ಲಿ ಒಂದು ಸಸಿಯೂ ಇಲ್ಲ.

ಗಿಡ ಹೋದ ಮೇಲೆ ಬೇರು ಹೋಯಿತು, ಬೇರು ಹೋದ ಮೇಲೆ ಮಣ್ಣು ಹೊರಟಿತು. ಚಳಿಗಾಲದ ಒಂದೇ ಮಳೆಗೆ ಇಳಿಜಾರುಗಳಲ್ಲಿ ಕೊರಕಲು ಬಿದ್ದು, ಕಣಿವೆಗಳ ತಳದಲ್ಲಿ ಹೂಳು ತುಂಬಿತು. ಹರಿದ ಮಣ್ಣಿನ ಜೊತೆಯಲ್ಲಿ ಚಿಪ್ಪಿನ ದಿಬ್ಬಗಳ ಅಂಚೂ ಕರಗಿತು. ಕುರಿಗಿಂತ ಹಂದಿ ಇನ್ನೂ ಕೆಟ್ಟದ್ದು. ಗೆಡ್ಡೆ, ಹುಳು ಹುಡುಕುತ್ತ ಮೂತಿಯಿಂದ ನೆಲವನ್ನು ಉತ್ತುಬಿಡುತ್ತದೆ. ದಿಬ್ಬದ ಮೆತ್ತನೆಯ ಕಪ್ಪು ಮಣ್ಣೆಂದರೆ ಅದಕ್ಕೆ ಹಬ್ಬ. ಸಾವಿರಾರು ವರ್ಷ ಗೋಫರ್ ಕೂಡ ಮುಟ್ಟದ ಪದರಗಳನ್ನು ಹಂದಿ ಒಂದು ರಾತ್ರಿಯಲ್ಲಿ ಕಲಸಿಹಾಕಿತು. ಮನುಷ್ಯರೂ ಹಿಂದೆ ಬೀಳಲಿಲ್ಲ ಎನ್ನಬೇಕು. 1870ರ ದಶಕದಲ್ಲೇ ವಸ್ತುಸಂಗ್ರಹಾಲಯಗಳಿಗಾಗಿ ಸಂಗ್ರಾಹಕರು ಬಂದು ಇಲ್ಲಿನ ಗೋರಿಗಳನ್ನು ಅಗೆದು, ಪೆಟ್ಟಿಗೆ ತುಂಬಿ ಹೊತ್ತೊಯ್ದರು. ಕೆಲವು ಪ್ಯಾರಿಸಿನವರೆಗೂ ಹೋದವು.

ತೆಗೆದರೆ ಸಾಕೇ?

1978ರಲ್ಲಿ ದ್ವೀಪದ ಬಹುಭಾಗದ ಮಾಲೀಕರಾಗಿದ್ದ ಕೇರಿ ಸ್ಟಾಂಟನ್ ಅವರು ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡರು. 1980ರಲ್ಲಿ ಚಾನೆಲ್ ದ್ವೀಪಗಳ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಈಗ ದ್ವೀಪದ ಮುಕ್ಕಾಲು ಪಾಲು ಆ ಸಂಸ್ಥೆಯದು, ಪೂರ್ವದ ಕಾಲು ಭಾಗ ಉದ್ಯಾನದ್ದು. 1981ರಿಂದ ಆ ದಶಕದ ಕೊನೆಯವರೆಗೆ ಸಂಸ್ಥೆ ತನ್ನ ಭಾಗದಲ್ಲಿ 37 ಸಾವಿರಕ್ಕೂ ಹೆಚ್ಚು ಕಾಡುಕುರಿಗಳನ್ನು ಗುಂಡಿಟ್ಟು ಕೊಂದಿತು. ಪೂರ್ವಭಾಗದ ಒಂಬತ್ತು ಸಾವಿರದಷ್ಟು ಕುರಿಗಳನ್ನು ಮಾತ್ರ 1997ರಿಂದ 1999ರ ನಡುವೆ ಹಿಡಿದು ಜೀವಂತವಾಗಿ ದೋಣಿ ಹತ್ತಿಸಿ ಸಾಗಿಸಿದರು.

ಕುರಿ, ದನ ಹೋದ ಕೂಡಲೇ ಹಳೆಯ ಕಾಡು ತಾನಾಗಿ ಎದ್ದು ನಿಲ್ಲುತ್ತದೆಂದು ಭಾವಿಸಿದ್ದವರಿಗೆ ಒಂದು ಆಘಾತ ಕಾದಿತ್ತು. ಊಟವಾದ ಮೇಲೆ ಹೋಟೆಲಿನಲ್ಲಿ ಬಿಲ್ಲಿನ ತಟ್ಟೆಯಲ್ಲಿಟ್ಟು ಕೊಡುವ ಬಡೆಸೋಪು ಗೊತ್ತಲ್ಲ? ಅದು ಮೆಡಿಟರೇನಿಯನ್ ಸೀಮೆಯ ಗಿಡ. ದನಕರುಗಳ ಕಾಲದಲ್ಲಿ ದ್ವೀಪ ಸೇರಿ ಅಲ್ಲಲ್ಲಿ ಬದುಕಿಕೊಂಡಿತ್ತು. 1988ರಲ್ಲಿ ದನಗಳನ್ನು ತೆಗೆದರು. ಬರಗಾಲ ಕಳೆದು ಒಳ್ಳೆಯ ಮಳೆಯೂ ಬಿತ್ತು. ಮೇಯುವವರಿಲ್ಲದ ಬಡೆಸೋಪು ಆಳೆತ್ತರ ಬೆಳೆದು ದ್ವೀಪದ ಮಧ್ಯದ ಕಣಿವೆಯನ್ನು ಮುಚ್ಚಿಬಿಟ್ಟಿತು. ನಮ್ಮಲ್ಲಿ ಲಂಟಾನ ಹಬ್ಬುವುದನ್ನು ಕಂಡವರಿಗೆ ಆ ದೃಶ್ಯ ಊಹಿಸುವುದು ಕಷ್ಟವಲ್ಲ. ಸುಟ್ಟು, ಕಳೆನಾಶಕ ಹೊಡೆದು ಬಡೆಸೋಪನ್ನು ಹಿಮ್ಮೆಟ್ಟಿಸಿದರೆ ಆ ಜಾಗಕ್ಕೆ ಬಂದದ್ದು ದ್ವೀಪದ ಗಿಡವಲ್ಲ, ಇನ್ನೊಂದು ಪರದೇಶಿ ಹುಲ್ಲು! ಒಂದು ನೆಲವನ್ನು ನೂರು ವರ್ಷ ಕೆಡಿಸಿ, ಕೆಡಿಸಿದ್ದನ್ನು ನಿಲ್ಲಿಸಿದ ಮಾತ್ರಕ್ಕೆ ಅದು ಮೊದಲಿನಂತೆ ಆಗುವುದಿಲ್ಲ. ಮಣ್ಣಿನಲ್ಲಿ ಯಾರ ಬೀಜ ಹೆಚ್ಚಿದೆಯೋ ಅವರದೇ ರಾಜ್ಯ.

ಹಂದಿಯ ಪ್ರಶ್ನೆ ಇನ್ನೂ ಜಟಿಲ. ಅದು ಒಂದು ನರಿಯ ಕಥೆಯೊಂದಿಗೆ ಹೆಣೆದುಕೊಂಡಿದೆ. ಈ ದ್ವೀಪಗಳಲ್ಲಿ ಮನೆಯ ಬೆಕ್ಕಿನಷ್ಟೇ ದೊಡ್ಡದಾದ ಪುಟ್ಟ ನರಿಯಿದೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1990ರ ದಶಕದ ಆರಂಭದಲ್ಲಿ ಸಾಂಟಾ ಕ್ರೂಜ್‌ನಲ್ಲಿ ಸುಮಾರು 1,500 ನರಿಗಳಿದ್ದವು. ದಶಕ ಮುಗಿಯುವಷ್ಟರಲ್ಲಿ ನೂರೂ ಉಳಿಯಲಿಲ್ಲ. ಕಾರಣ ಹುಡುಕುತ್ತ ಹೊರಟವರು ಮುಟ್ಟಿದ್ದು ಲಾಸ್ ಏಂಜಲೀಸ್ ಬಳಿಯ ಡಿಡಿಟಿ ಕಾರ್ಖಾನೆಯನ್ನು. ದಶಕಗಳ ಕಾಲ ಕಡಲಿಗೆ ಹರಿದ ಡಿಡಿಟಿ ಮೀನಿಗೆ ಸೇರಿತು, ಮೀನಿನಿಂದ ಬಿಳಿತಲೆಯ ಹದ್ದಿಗೆ ಸೇರಿತು. ಆ ಹದ್ದಿನ ಮೊಟ್ಟೆಯ ಓಡು ತೆಳುವಾಗಿ, ಕಾವಿಗೆ ಕುಳಿತರೆ ಒಡೆಯುವಂತಾಯಿತು. 1960ರ ದಶಕದ ಆರಂಭಕ್ಕೆ ದ್ವೀಪಗಳಲ್ಲಿ ಆ ಹದ್ದೇ ಇಲ್ಲವಾಯಿತು. ಅದು ಮೀನು ತಿನ್ನುವ ಹಕ್ಕಿ, ನರಿಯ ತಂಟೆಗೆ ಹೋಗುವುದು ಅಪರೂಪ. ಆದರೆ ತನ್ನ ಸೀಮೆಗೆ ಬೇರೆ ಹದ್ದನ್ನು ಬಿಡುವುದಿಲ್ಲ. ಕಾವಲುಗಾರ ಹೋದ ಮೇಲೆ ಮುಖ್ಯಭೂಮಿಯಿಂದ ಹೊನ್ನಹದ್ದು ಬಂತು. ವರ್ಷವಿಡೀ ಸಿಗುವ ಹಂದಿಮರಿ ಅದನ್ನು ಅಲ್ಲೇ ನೆಲೆನಿಲ್ಲಿಸಿತು. ಹಂದಿಮರಿಯ ಜೊತೆಗೆ ನರಿಯೂ ಆಹಾರವಾಯಿತು. ಆಕಾಶದಿಂದ ಶತ್ರು ಬರುತ್ತಾನೆಂದು ಆ ನರಿಗೆ ಗೊತ್ತಿರಲಿಲ್ಲ, ಅಡಗಲು ಕುರಿಗಳು ಪೊದೆಯನ್ನೂ ಉಳಿಸಿರಲಿಲ್ಲ. ಆಹಾರ ಸರಪಳಿ ಎಂದು ಪಠ್ಯಪುಸ್ತಕದಲ್ಲಿ ಬಾಣದ ಗುರುತು ಹಾಕಿ ಬರೆದುಬಿಡುತ್ತೇವೆ. ಒಂದು ಕೊಂಡಿ ಕಳಚಿದರೆ ಸದ್ದು ಎಲ್ಲೆಲ್ಲಿ ಕೇಳಿಸುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಹೊನ್ನಹದ್ದುಗಳನ್ನು 1999ರಿಂದ ಒಂದೊಂದಾಗಿ ಹಿಡಿದು ದೂರಕ್ಕೆ ಸಾಗಿಸಿದರು. ಬಿಳಿತಲೆಯ ಹದ್ದಿನ ಮರಿಗಳನ್ನು 2002ರಿಂದ 2006ರವರೆಗೆ ತಂದು ಬಿಟ್ಟರು. ನರಿಗಳನ್ನು ಗೂಡಿನಲ್ಲಿಟ್ಟು ಮರಿ ಮಾಡಿಸಿದರು. ಹಂದಿಗಳನ್ನು? ದ್ವೀಪವನ್ನು ಬೇಲಿಯಿಂದ ಐದು ಭಾಗವಾಗಿ ಸೀಳಿ, ಬೋನು ಇಟ್ಟು, ಹೆಲಿಕಾಪ್ಟರಿನಿಂದಲೂ ನೆಲದಿಂದಲೂ ಬೇಟೆಯಾಡಿ, 2005-06ರಲ್ಲಿ 5,036 ಹಂದಿಗಳನ್ನು ಕೊಂದರು. ರೋಗ ಹರಡುವ ಭಯದಿಂದ ಅವನ್ನು ಜೀವಂತವಾಗಿ ಮುಖ್ಯಭೂಮಿಗೆ ಒಯ್ಯುವಂತಿರಲಿಲ್ಲ. ಪ್ರಾಣಿದಯೆಯವರು ನ್ಯಾಯಾಲಯದ ಮೆಟ್ಟಿಲೇರಿದರು. ತಂದು ಬಿಟ್ಟವನು ಮನುಷ್ಯ, ಪ್ರಾಣ ತೆತ್ತದ್ದು ಹಂದಿ ಎಂಬ ಅವರ ವಾದವನ್ನು ಸುಳ್ಳೆನ್ನಲು ಸಾಧ್ಯವಿಲ್ಲ. ಹಾಗೆಂದು ಕೊಲ್ಲದೆ ಬಿಟ್ಟಿದ್ದರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ನರಿಯ, ಬೇರೆಲ್ಲೂ ಇಲ್ಲದ ಗಿಡಗಳ ಸಾವನ್ನು ಒಪ್ಪಿಕೊಳ್ಳಬೇಕಿತ್ತು. ಯಾವ ಕಡೆ ನಿಂತರೂ ಕೈ ಶುಭ್ರವಾಗಿ ಉಳಿಯದ ಪ್ರಶ್ನೆ ಇದು. ಮಕ್ಕಳು ಚರ್ಚಾಸ್ಪರ್ಧೆಗೆ ಇಂಥ ವಿಷಯ ಆರಿಸಿಕೊಂಡರೆ ಪುಸ್ತಕದ ಉತ್ತರಕ್ಕಿಂತ ಹೆಚ್ಚು ಕಲಿಯುತ್ತಾರೆ.

ಫಲಿತಾಂಶ ಬೇಗನೆ ಕಂಡಿತು. 2006ರಲ್ಲಿ, ಐವತ್ತು ವರ್ಷಗಳಿಗೂ ಮೀರಿದ ಅವಧಿಯ ನಂತರ, ದ್ವೀಪದಲ್ಲಿ ಬಿಳಿತಲೆಯ ಹದ್ದಿನ ಮರಿ ತಾನಾಗಿ ಮೊಟ್ಟೆಯೊಡೆದು ಹೊರಬಂತು. ನರಿಗಳ ಸಂಖ್ಯೆ ಸಾವಿರ ದಾಟಿತು. 2016ರಲ್ಲಿ ಅವುಗಳ ಹೆಸರನ್ನು ಅಪಾಯದಂಚಿನ ಪಟ್ಟಿಯಿಂದ ತೆಗೆದರು. 1985ರ ಮತ್ತು 2005ರ ವೈಮಾನಿಕ ಚಿತ್ರಗಳನ್ನು ಹೋಲಿಸಿದಾಗ ಮರ-ಪೊದೆಗಳ ಹೊದಿಕೆ ಸುಮಾರು ಇಮ್ಮಡಿಯಾದದ್ದು ತಿಳಿಯಿತು. ದಿಬ್ಬಗಳ ಮೇಲೆ ಮತ್ತೆ ಬೇರು ಹರಡಿತು, ಹಂದಿಯ ಕೆದಕಾಟ ನಿಂತಿತು.

ದಿಬ್ಬದ ಮೇಲಿನ ನೀಲಗಿರಿ

ದ್ವೀಪದ ಉತ್ತರ ದಂಡೆಯಲ್ಲಿ ಪ್ರಿಸನರ್ಸ್ ಹಾರ್ಬರ್ ಎಂಬ ಇಳಿದಾಣವಿದೆ. 1830ರ ಸುಮಾರಿಗೆ ಮೆಕ್ಸಿಕೋ ಸರ್ಕಾರ ಕೆಲವು ಕೈದಿಗಳನ್ನು ಈ ದ್ವೀಪಕ್ಕೆ ತಂದು ಬಿಟ್ಟದ್ದರಿಂದ ಬಂದ ಹೆಸರು. ಅದಕ್ಕೂ ಬಹಳ ಮೊದಲು ಅಲ್ಲಿ ಚುಮಾಶರ ದೊಡ್ಡ ಹಳ್ಳಿಯೊಂದಿತ್ತು, ಅದರ ದಿಬ್ಬ ಈಗಲೂ ಇದೆ. ಪಕ್ಕದಲ್ಲೇ ಹಳ್ಳವೊಂದು ಕಡಲು ಸೇರುವಲ್ಲಿ ಜೌಗುನೆಲವಿತ್ತು. ಕೇರ್ ಮನೆತನದವರ ಕಾಲದಲ್ಲಿ ಆ ಜೌಗನ್ನು ಕಲ್ಲುಮಣ್ಣಿನಿಂದ ತುಂಬಿಸಿ, ಹಳ್ಳಕ್ಕೆ ಏರಿ ಹಾಕಿ ದಿಕ್ಕು ತಿರುಗಿಸಿದರು. ದನದ ದೊಡ್ಡಿ ಕಟ್ಟಿದರು. ನೀಲಗಿರಿ ನೆಟ್ಟರು. ಹೌದು, ಆಸ್ಟ್ರೇಲಿಯದಿಂದ ಬಂದು ನಮ್ಮ ಕೋಲಾರ, ತುಮಕೂರಿನ ಹೊಲಗಳನ್ನೆಲ್ಲ ಆಕ್ರಮಿಸಿದ ಅದೇ ಕುಲದ ಮರ. ಇಕ್ಕಟ್ಟಾದ ಹಳ್ಳ ಮಳೆಗಾಲದಲ್ಲಿ ದಿಬ್ಬವನ್ನೇ ಕೊರೆಯತೊಡಗಿತು.

2011ರಲ್ಲಿ ಇಲ್ಲಿ ಜೌಗನ್ನು ಮರಳಿ ತರುವ ಕೆಲಸ ನಡೆಯಿತು. ತುಂಬಿದ ಮಣ್ಣನ್ನು ಎತ್ತಿ ಹಾಕಿದರು, ಹಳ್ಳಕ್ಕೆ ಹರಡಿಕೊಳ್ಳಲು ಜಾಗ ಕೊಟ್ಟರು, ನೀಲಗಿರಿ ಕಡಿದರು, ಸ್ಥಳೀಯ ಗಿಡಗಳ ಸಸಿ ನೆಟ್ಟರು. ಓದಲು ಸರಳ, ಮಾಡಲು ಅಲ್ಲ. ಪುರಾತನ ನೆಲೆಯ ಮೇಲೆ ನಿಂತ ದೊಡ್ಡ ಮರವನ್ನು ಬುಡಸಹಿತ ಕೀಳುವಂತಿಲ್ಲ. ಬೇರಿನೊಂದಿಗೆ ಸಾವಿರ ವರ್ಷದ ಮಣ್ಣೂ ಎದ್ದುಬರುತ್ತದೆ. ಗಾಳಿಗೆ ಉರುಳಲು ಬಿಟ್ಟರೂ ಅದೇ ಗತಿ. ಇಂಥ ಕಡೆ ಮರವನ್ನು ನೆಲಮಟ್ಟಕ್ಕೆ ಕೊಯ್ದು ಬೊಡ್ಡೆಯನ್ನು ಮಣ್ಣಿನಲ್ಲೇ ಬಿಡುವುದು ರೂಢಿ. ಸಸಿ ನೆಡಲು ಗುಂಡಿ ತೋಡುವುದಕ್ಕೂ ಮೊದಲು ಪುರಾತತ್ವಜ್ಞರು ನೆಲ ನೋಡಬೇಕು. ಗಿಡ ನೆಡುವುದು ಎಲ್ಲ ಕಾಲಕ್ಕೂ ಎಲ್ಲ ಜಾಗಕ್ಕೂ ಪುಣ್ಯದ ಕೆಲಸ ಎಂದು ನಂಬಿದವರು, ನಮ್ಮ ವನಮಹೋತ್ಸವದ ಸಂಘಟಕರೂ ಸೇರಿ, ಇದನ್ನು ಒಮ್ಮೆ ಯೋಚಿಸಬಹುದು.

ಇನ್ನೊಂದು ತೊಡಕೂ ಇದೆ. ಕುರಿಯವರ ಕಾಲವೂ ಚರಿತ್ರೆಯೇ ಅಲ್ಲವೇ? 1880ರ ದಶಕದ ಇಟ್ಟಿಗೆಯ ಉಗ್ರಾಣ ಪ್ರಿಸನರ್ಸ್ ಹಾರ್ಬರಿನಲ್ಲಿ ಇಂದಿಗೂ ನಿಂತಿದೆ, ಅದನ್ನೂ ಕಾಪಾಡುತ್ತಾರೆ. ಪೂರ್ವದ ಸ್ಕಾರ್ಪಿಯನ್ ಕಣಿವೆಯಲ್ಲಿ ಪ್ರವಾಸಿಗರು ಗುಡಾರ ಹಾಕುವುದು ಹಳೆಯ ನೀಲಗಿರಿ ಮರಗಳ ನೆರಳಿನಲ್ಲೇ. ಒಂದು ಕಡೆ ಕಡಿದ ಮರವನ್ನು ಇನ್ನೊಂದು ಕಡೆ ಉಳಿಸಿದ್ದು ಎಡವಟ್ಟಿನಂತೆ ಕಾಣಬಹುದು. ಆದರೆ ಪ್ರತಿ ಜಾಗದಲ್ಲೂ ಯಾವುದರಿಂದ ಯಾವುದಕ್ಕೆ ಹಾನಿ ಎಂದು ತೂಗಿ ನೋಡುವ ಈ ಕ್ರಮ, ಎಲ್ಲಕ್ಕೂ ಒಂದೇ ಕೊಡಲಿ ಎತ್ತುವುದಕ್ಕಿಂತ ಮೇಲು.

ಗಿಡ ಹೇಳಿಕೊಟ್ಟ ಚರಿತ್ರೆ

ಗಿಡಗಳ ರಕ್ಷಣೆಯಿಂದ ಚರಿತ್ರೆಯ ಕುರುಹು ಉಳಿಯಿತು ಎನ್ನುವುದು ಒಂದು ಮಾತು. ಗಿಡ ಮರಳಿ ಬಂದದ್ದರಿಂದ ಚರಿತ್ರೆಯನ್ನೇ ತಿದ್ದಿ ಓದಬೇಕಾಯಿತು ಎನ್ನುವುದು ಇನ್ನೂ ಸ್ವಾರಸ್ಯಕರ. ಈ ದ್ವೀಪಗಳಲ್ಲಿ ತಿನ್ನುವ ಸಸ್ಯಗಳು ಕಡಿಮೆ, ಜನ ಮೀನು-ಚಿಪ್ಪಿನ ಮೇಲೇ ಬದುಕಿದ್ದರು, ಕಾಳು-ಗೆಡ್ಡೆಗಳಿಗೆ ಮುಖ್ಯಭೂಮಿಯ ವ್ಯಾಪಾರವನ್ನೇ ನಂಬಿದ್ದರು ಎಂದು ಪುರಾತತ್ವಜ್ಞರು ಬಹುಕಾಲ ಬರೆಯುತ್ತಿದ್ದರು. ಅವರು ಕಣ್ಣಾರೆ ಕಂಡದ್ದು ಕುರಿ ಮೇದು ಬೋಳಾದ ದ್ವೀಪವನ್ನು!

ಕುರಿಗಳು ಹೋದ ಮೇಲೆ ಬ್ಲೂ ಡಿಕ್ಸ್ ಎಂಬ ಪುಟ್ಟ ಗೆಡ್ಡೆಗಿಡ ಇಳಿಜಾರುಗಳಲ್ಲಿ ನೇರಳೆ ಹೂವಿನ ಚಾದರ ಹಾಸಿತು. ಆಲೂಗೆಡ್ಡೆಯಂತೆ ಪಿಷ್ಟ ತುಂಬಿದ ಗೆಡ್ಡೆ ಅದು. ಕ್ರಿಸ್ಟಿನಾ ಗಿಲ್ ಎಂಬ ಸಂಶೋಧಕಿ ದಿಬ್ಬಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲುವ ಇದ್ದಿಲ ಚೂರುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ಅದೇ ಗೆಡ್ಡೆಯ ಸುಟ್ಟ ಅವಶೇಷಗಳು ಸಾವಿರಾರು ವರ್ಷಗಳ ಪದರಗಳಲ್ಲಿ ಸಿಕ್ಕವು. ನಡುವೆ ತೂತಿರುವ ದುಂಡನೆಯ ಕಲ್ಲುಗಳು ಮೊದಲೇ ಹೇರಳವಾಗಿ ಸಿಕ್ಕಿದ್ದವು. ಗೆಡ್ಡೆ ಅಗೆಯುವ ಕೋಲಿಗೆ ಭಾರ ಕೊಡಲು ಸಿಕ್ಕಿಸುತ್ತಿದ್ದವು ಅವು ಎಂಬುದಕ್ಕೆ ಈಗ ಹೆಚ್ಚಿನ ಬಲ ಬಂತು. ಅಗೆಯುವಾಗ ದೊಡ್ಡ ಗೆಡ್ಡೆ ಬುಟ್ಟಿಗೆ, ಅದಕ್ಕಂಟಿದ ಮರಿಗೆಡ್ಡೆಗಳು ಸಡಿಲವಾದ ಮಣ್ಣಿಗೆ. ಮರುವರ್ಷ ಬೆಳೆ ಇನ್ನಷ್ಟು. ನಮ್ಮ ಅರಿಶಿನ, ಕೆಸುವಿನ ಮಡಿಯಲ್ಲಿ ನಡೆಯುವುದೂ ಇದೇ ತಾನೆ? ಹಾಗಾದರೆ ಸ್ಥಳೀಯ ಸಸ್ಯ ಎಂದರೆ ಮನುಷ್ಯ ಮುಟ್ಟದ ಸಸ್ಯ ಎಂದಲ್ಲ. ಸಾವಿರಾರು ವರ್ಷ ಮನುಷ್ಯರ ಕೈಗೆ ಹೊಂದಿಕೊಂಡು ಬೆಳೆದ ಸಸ್ಯವೂ ಅದರಲ್ಲಿ ಸೇರುತ್ತದೆ.

ಆ ಕೈಗಳೂ ಪೂರ್ತಿ ದೂರವಾಗಿಲ್ಲ. ಮುಖ್ಯಭೂಮಿಯಲ್ಲಿ ನೆಲೆಸಿರುವ ಚುಮಾಶರು 2001ರ ಸೆಪ್ಟೆಂಬರಿನಲ್ಲಿ ತೊಮೋಲ್ ದೋಣಿಯೊಂದನ್ನು ತಾವೇ ಕಟ್ಟಿ, ಹುಟ್ಟುಹಾಕಿ ಕಡಲು ದಾಟಿ ಲಿಮುವ್ ದ್ವೀಪಕ್ಕೆ ಬಂದಿಳಿದರು. ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರದ ಮೊದಲ ಯಾನ ಅದು. ಆಮೇಲೆ ಬಹುತೇಕ ಪ್ರತಿವರ್ಷವೂ ನಡೆದುಬಂದಿದೆ. ದಡದಲ್ಲಿ ಅಜ್ಜ-ಅಜ್ಜಿಯರು, ಮಕ್ಕಳು ಕಾದಿದ್ದು ಹಾಡಿ ಬರಮಾಡಿಕೊಳ್ಳುತ್ತಾರೆ.

ಮಂಜಿಗೆ ಒಡ್ಡಿದ ಬಲೆ

ಕೆಲಸ ಮುಗಿದಿದೆಯೆಂದು ಯಾರೂ ಹೇಳುವುದಿಲ್ಲ. ದ್ವೀಪಗಳ 13 ಬಗೆಯ ಗಿಡಗಳನ್ನು 1997ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದರು. ಅವುಗಳಲ್ಲಿ ಸಾಂಟಾ ಕ್ರೂಜ್‌ನ ಎರಡು, ಡಡ್ಲೇಯಾ ಎಂಬ ರಸಭರಿತ ಎಲೆಯ ಗಿಡ ಮತ್ತು ಬೆಡ್‌ಸ್ಟ್ರಾ ಎಂಬ ಪೊದೆ, 2023ರಲ್ಲಿ ಪಟ್ಟಿಯಿಂದ ಹೊರಬಂದವು. ಈ ನಡುವೆ ಅರ್ಜೆಂಟೀನಾದ ಇರುವೆ ಸದ್ದಿಲ್ಲದೆ ದ್ವೀಪ ಸೇರಿತ್ತು. ಸಕ್ಕರೆನೀರು ಮತ್ತು ಅತ್ಯಲ್ಪ ವಿಷ ಹೀರಿಕೊಂಡು ಉಬ್ಬಿದ ಮಣಿಗಳನ್ನು ಹೆಲಿಕಾಪ್ಟರಿನಿಂದ ಚೆಲ್ಲಿ ಅದನ್ನು ಅಳಿಸುವ ಪ್ರಯೋಗ ನಡೆಯಿತು, ಒಳ್ಳೆಯ ಫಲವನ್ನೂ ಕೊಟ್ಟಿತು.

ಪಕ್ಕದ ಸಾಂಟಾ ರೋಸಾದಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಅಲ್ಲಿ ದನಗಳು 1998ರವರೆಗೂ, ಬೇಟೆಯ ಮೋಜಿಗೆಂದು ತಂದ ಜಿಂಕೆ ಮತ್ತು ಎಲ್ಕ್‌ಗಳು 2011ರವರೆಗೂ ಇದ್ದವು. ಬೆಟ್ಟದ ನೆತ್ತಿಯಲ್ಲಿ ಮೇಲ್ಮಣ್ಣೆಲ್ಲ ಹೋಗಿ ಬಂಡೆ ಕಾಣುತ್ತದೆ; ಉಳಿದ ದ್ವೀಪ-ಓಕ್ ಮರಗಳ ಬೇರು ಗಾಳಿಯಲ್ಲಿ ಜೋತಾಡುತ್ತದೆ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಮರಗಳಿಗೆ ನೀರುಣಿಸುವುದು ಕಡಲ ಮಂಜು. ಮಂಜಿನ ಹನಿಗಳು ಎಲೆಗೆ ತಾಗಿ, ಕೂಡಿ, ತೊಟ್ಟಿಕ್ಕಿ ಬುಡಕ್ಕಿಳಿಯುತ್ತವೆ. ಮರವೇ ಇಲ್ಲದಿದ್ದರೆ ಮಂಜು ಬೋಳುನೆತ್ತಿಯನ್ನು ಸವರಿಕೊಂಡು ಹಾಗೇ ಹಾದುಹೋಗುತ್ತದೆ. ನೀರಿಗೆ ಮರ ಬೇಕು, ಮರಕ್ಕೆ ನೀರು ಬೇಕು! ಈ ಗಂಟನ್ನು ಬಿಡಿಸಲು ವಿಜ್ಞಾನಿಗಳೂ ಸ್ವಯಂಸೇವಕರೂ ಸೇರಿ ಗಾಳಿಗೆ ಅಡ್ಡಲಾಗಿ ಬಲೆಯ ಬೇಲಿ ಕಟ್ಟಿದ್ದಾರೆ. ಮಂಜು ಬಲೆಗೆ ಸಿಕ್ಕು ಹನಿಯಾಗಿ ಕೆಳಗಿನ ಸಸಿಗೆ ಬೀಳುತ್ತದೆ. ಹುಲ್ಲಿನ ಉದ್ದುದ್ದ ಸುರುಳಿಗಳನ್ನು ಇಳಿಜಾರಿಗೆ ಅಡ್ಡ ಹಾಸಿ, ಹರಿದುಹೋಗುವ ಮಣ್ಣನ್ನು ತಡೆಯುತ್ತಾರೆ. ದ್ವೀಪದ ಓಕ್ ಮರಗಳಿಂದಲೇ ಬೀಜ ಆರಿಸಿ, ದ್ವೀಪದಲ್ಲೇ ಸಸಿ ಮಾಡಿ, ಬೆಟ್ಟದ ಮೇಲೆ ಒಯ್ದು ನೆಡುತ್ತಾರೆ. ಓಕ್ ನಿಧಾನವಾಗಿ ಬೆಳೆಯುವ ಮರ. ಸಸಿಗಳು ತಮ್ಮ ಎಲೆಯಿಂದಲೇ ಸಾಕಷ್ಟು ಮಂಜು ಹಿಡಿಯುವ ಎತ್ತರಕ್ಕೆ ಬೆಳೆಯುವವರೆಗೆ ಬಲೆಗಳು ಅಲ್ಲಿಯೇ ಇರಬೇಕಾಗುತ್ತದೆ.